ಸೀಮೆಎಣ್ಣೆ ತಾಗಿದ ರಬ್ಬರು

ನಿವೃತ್ತಿಯ ದಿನ ಕಾರ್ಖಾನೆಯವರು ನನಗೆ ಶಾಲು ಹೊದಿಸಿ, ಮಂಜುಳಾ ಮೇಡಂ ಕಣ್ಣು ತಪ್ಪಿಸಿ ಒಂದು ಸ್ಕ್ರೂ ಕೂಡ ಗೇಟು ದಾಟಿಲ್ಲ ಎಂದು ಹೊಗಳಿದರು. ದೊಡ್ಡನೆಕ್ಕುಂದಿಯ ಆ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಬೇರೆಯವರು ಮಾಡಿದ್ದನ್ನು ಕೈಗೆತ್ತಿಕೊಂಡು, ಅಳೆದು, ಬೆಳಕಿಗೆ ಹಿಡಿದು ತಪ್ಪು ಹುಡುಕುವುದು. ಮನೆಯಲ್ಲೂ ಅದೇ ಚಾಳಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ನೋಡುತ್ತೇನೆ, ಬೀಗವನ್ನು ಜಗ್ಗಿ ಜಗ್ಗಿ ಅದರ ಪ್ರಾಣ ತೆಗೆಯುತ್ತೇನೆ. ಸಮಾರಂಭ ಮುಗಿದ ಮೇಲೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, ಇಷ್ಟು ಅಚ್ಚುಕಟ್ಟು ಯಾರಿಂದ ಕಲಿತಿರಿ ಮೇಡಂ ಎಂದು ಕೇಳಿದಳು. ನಮ್ಮಪ್ಪನಿಂದ ಎಂದೆ. ಅಪ್ಪಟ ಸುಳ್ಳು. ಹದಿಮೂರನೆಯ ವಯಸ್ಸಿನಲ್ಲಿ ನಮ್ಮ ಅಡುಗೆಮನೆಯಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನು ಅಮ್ಮನ ತಲೆಗೆ ಕಟ್ಟಿದೆ. ನನ್ನ ಅಚ್ಚುಕಟ್ಟೆಲ್ಲ ಹುಟ್ಟಿದ್ದು ಅಲ್ಲಿ.

ನಮ್ಮ ಮನೆ ಹಲಸೂರಿನ ಒಂದು ಗಲ್ಲಿಯಲ್ಲಿತ್ತು. ಮನೆ ಅನ್ನುವುದಕ್ಕಿಂತ ಒಂದು ಕಾರು ನಿಲ್ಲುವ ತಗಡಿನ ಶೆಡ್ಡು, ಅದರ ಹಿಂದೆ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು ಮೂರು ಕೋಣೆ ಅನ್ನಬಹುದು. ಶೆಡ್ಡಿನಲ್ಲಿ ಕಾರು ನಿಂತಿತೆಂದರೆ ನಾವು ಗೋಡೆಗೆ ಬೆನ್ನು ಒರೆಸಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಮನೆಯೊಳಗೆ ಹೋಗಬೇಕಿತ್ತು. ಸ್ವಲ್ಪ ದಪ್ಪಗಿದ್ದ ನೆಂಟರು ಶೆಡ್ಡಿನಲ್ಲೇ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ಅಪ್ಪನ ಹೆಸರು ಮುನಿರಾಜು, ಗಲ್ಲಿಯ ಬಾಯಲ್ಲಿ ಬ್ರೇಕ್ ಮುನಿರಾಜು. ಎಂಜಿನ್ನಿಗೆ ಕೈ ಹಾಕುತ್ತಿರಲಿಲ್ಲ. ಯಾರಾದರೂ ಕಾರ್ಬೊರೇಟರ್ ನೋಡು ಎಂದರೆ, ಅದಕ್ಕೆ ಊರು ತುಂಬ ಜನ ಇದ್ದಾರೆ ಎಂದು ಮುಖ ತಿರುಗಿಸುತ್ತಿದ್ದ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತೆ, ಬ್ರೇಕ್ ಕೆಟ್ಟರೆ ನಿಲ್ಲಲ್ಲ, ಎರಡರಲ್ಲಿ ದೊಡ್ಡ ಕೆಲಸ ಯಾವುದು ನೀನೇ ಹೇಳು ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. ಉತ್ತರ ಕೇಳಿಸಿಕೊಳ್ಳುವ ಅಭ್ಯಾಸ ಮಾತ್ರ ಅವನಿಗಿರಲಿಲ್ಲ.

ಊಟದ ಹೊತ್ತೇ ನಮ್ಮ ಪಾಠಶಾಲೆ. ಮುದ್ದೆ ಮುರಿಯುತ್ತ ಅಪ್ಪ ಪ್ರಶ್ನೆ ಹಾಕುತ್ತಿದ್ದ. ಪೆಡಲು ಮೆತ್ತಗಿದೆ, ಎರಡು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತೆ, ಏನಾಗಿದೆ? ಪೈಪಿನೊಳಗೆ ಗಾಳಿ ಸೇರಿದೆ. ಒತ್ತಿ ಹಿಡಿದರೆ ನಿಧಾನವಾಗಿ ಕೆಳಗಿಳಿಯುತ್ತೆ? ಒಳಗಿನ ರಬ್ಬರು ಹೋಗಿದೆ. ಗಾಡಿ ಎಡಕ್ಕೆ ಎಳೆಯುತ್ತೆ? ಬಲಗಡೆ ಚಕ್ರ ಸರಿಯಾಗಿ ಹಿಡಿಯುತ್ತಿಲ್ಲ, ಚಕ್ರ ಉಜ್ಜಿ ಹಿಡಿಯುವ ಲೈನರಿಗೆ ಎಣ್ಣೆ ಬಿದ್ದಿದೆಯೋ ನೋಡಬೇಕು. ಚಕ್ರ ಮುಟ್ಟಿದರೆ ಸುಡುತ್ತೆ? ಕಾಲು ತೆಗೆದರೂ ಬ್ರೇಕು ಬಿಟ್ಟಿಲ್ಲ. ನಾನು ಪಟಪಟ ಉತ್ತರ ಹೇಳಿದರೆ ಅಪ್ಪ ತನ್ನ ತಟ್ಟೆಯ ಕೋಳಿ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಿದ್ದ. ಅಮ್ಮನಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಆದರೆ ಅವಳು ಉತ್ತರ ಹೇಳುತ್ತಿರಲಿಲ್ಲ. ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಡ್ರೈವರ್ ಸೀಟಿನಲ್ಲಿ ಕೂತು ಪೆಡಲು ಒತ್ತುತ್ತಿದ್ದವಳು ಅವಳೇ. ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು, ಕಾರಿನಡಿಯಿಂದ ಅಪ್ಪ "ಒತ್ತು" ಅಂದರೆ ಒತ್ತಿ, "ಹಿಡಿ" ಅಂದರೆ ಹಿಡಿದು, "ಬಿಡು" ಅನ್ನುವವರೆಗೂ ಕಾಲು ಅಲ್ಲಾಡಿಸದೆ ಕೂರುತ್ತಿದ್ದಳು. ಮಿಕ್ಕ ವಿಷಯಕ್ಕೆಲ್ಲ ಇಬ್ಬರೂ ಹಾವು ಮುಂಗುಸಿ. ಉಪ್ಪು ಹೆಚ್ಚಾಯಿತು, ನಿಮ್ಮ ಬಾಯಿ ಹೆಚ್ಚಾಯಿತು ಎಂದು ಜಗಳ ನಡೆದೇ ಇರುತ್ತಿತ್ತು. ಪೆಡಲಿನ ಹತ್ತಿರ ಮಾತ್ರ ಒಂದು ಮಾತೂ ಎದುರಾಡುತ್ತಿರಲಿಲ್ಲ.

ಅಮ್ಮನಿಗೆ ಇನ್ನೊಂದು ಕೆಲಸವಿತ್ತು, ಅದನ್ನು ಅಪ್ಪ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಬ್ರೇಕಿನ ಸಿಲಿಂಡರಿನೊಳಗೆ ಬಟ್ಟಲಿನಂಥ ಸಣ್ಣ ರಬ್ಬರುಗಳಿರುತ್ತವೆ. ಒತ್ತಿದ ಎಣ್ಣೆ ಹಿಂದಕ್ಕೆ ನುಸುಳದ ಹಾಗೆ ತಡೆಯುವುದು ಅವೇ. ಹೊಸ ರಬ್ಬರು ತಂದಾಗಲೂ ಅಂಟುವಾಳದ ನೀರಿನಲ್ಲಿ ತೊಳೆದು, ಒಳ್ಳೆ ನೀರಲ್ಲಿ ಜಾಲಿಸಿ, ಒಣಗಿಸಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಹಾಕಿ ರಾತ್ರಿಯಿಡೀ ನೆನೆಸಿಡಬೇಕು ಎಂಬುದು ಅಪ್ಪನ ಕಟ್ಟಳೆ. ಬೇರೆ ಮೆಕ್ಯಾನಿಕ್ಕುಗಳು ನಗುತ್ತಿದ್ದರು, ಮುನಿರಾಜಣ್ಣನ ಮನೆಯಲ್ಲಿ ಅವರೆಕಾಳಿನ ಜೊತೆ ರಬ್ಬರೂ ನೆನೆಹಾಕ್ತಾರೆ ಎಂದು. ಅಪ್ಪ ಕೇರ್ ಮಾಡುತ್ತಿರಲಿಲ್ಲ. ಪೆಟ್ರೋಲು, ಸೀಮೆಎಣ್ಣೆ ಇವುಗಳ ಒಂದು ಹನಿಯೂ ರಬ್ಬರಿಗೆ ತಾಗಬಾರದು, ತಾಗಿದರೆ ಊದಿಕೊಳ್ಳುತ್ತದೆ, ಊದಿದ ರಬ್ಬರು ಜೀವ ತೆಗೆಯುತ್ತದೆ. ಇದು ನಮ್ಮ ಮನೆಯಲ್ಲಿ ನನಗೆ ಅಕ್ಷರ ಬರುವ ಮೊದಲೇ ಬಂದಿದ್ದ ಪಾಠ. ಅಮ್ಮ ಸೋಪು ಹಚ್ಚಿ ಕೈ ತೊಳೆದು, ಮೂಸಿ ನೋಡಿಕೊಂಡು ಆಮೇಲೆ ರಬ್ಬರು ಮುಟ್ಟುತ್ತಿದ್ದಳು. ಗಿರಾಕಿಗಳ ಮುಂದೆ ಅಪ್ಪ, ಇದು ನಮ್ಮ ರಾಜಮ್ಮನ ಕೈಯಲ್ಲಿ ಹಾದು ಬಂದಿದ್ದು, ಕಣ್ಣು ಮುಚ್ಕೊಂಡು ಓಡಿಸಿ ಅನ್ನುತ್ತಿದ್ದ. ಅಮ್ಮ ಒಳಗಿನಿಂದ ಅದನ್ನು ಕೇಳಿ, ಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದಳು. ನಮ್ಮಪ್ಪನ ಬಾಯಿಂದ ಅವಳಿಗೆ ಸಿಕ್ಕ ಹೊಗಳಿಕೆ ಅದೊಂದೇ.

ನಾನು ಆ ತಪ್ಪು ಮಾಡಿದ ಸಂಜೆ ಬಷೀರ್ ಸಾಹೇಬರ ಬಿಳಿ ಅಂಬಾಸಿಡರ್ ಶೆಡ್ಡಿನಲ್ಲಿತ್ತು. ಅವರು ಶಿವಾಜಿನಗರದ ಬಟ್ಟೆ ವ್ಯಾಪಾರಿ, ಅಪ್ಪನ ಹಳೆಯ ಗಿರಾಕಿ. ಅಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಆಗಷ್ಟೇ ರಬ್ಬರುಗಳನ್ನು ಡಬ್ಬಿಗೆ ಹಾಕಿ ಬ್ರೇಕ್ ಆಯಿಲ್ ಸುರಿದಿದ್ದಳು. ಬೀದಿಯಲ್ಲಿ ನಲ್ಲಿ ನೀರು ಬಂತೆಂದು ಯಾರೋ ಕೂಗಿದರು. ಅಮ್ಮ ಮುಚ್ಚಳ ಹಾಕುವುದನ್ನೂ ಬಿಟ್ಟು ಎರಡು ಬಿಂದಿಗೆ ಎತ್ತಿಕೊಂಡು ಓಡಿದಳು. ಹೋಗುತ್ತ, "ಸ್ಟೌ ಮುಟ್ಬೇಡ, ನಾನು ಬಂದು ಎಣ್ಣೆ ಹಾಕ್ತೀನಿ" ಅಂದಳು. ಮಾರನೆಯ ದಿನ ನಮ್ಮ ಶಾಲೆಯಿಂದ ಲಾಲ್‌ಬಾಗಿಗೆ ಕರೆದುಕೊಂಡು ಹೋಗುವವರಿದ್ದರು. ಬುತ್ತಿಗೆ ರಾತ್ರಿಯೇ ಮಾಡಿಡಬೇಕಿದ್ದ ಚಿತ್ರಾನ್ನ ಬೇಗ ಆಗಲಿ, ಅಮ್ಮ ಬರುವಷ್ಟರಲ್ಲಿ ಸ್ಟೌ ಹೊತ್ತಿಸಿಟ್ಟು ಶಹಭಾಸ್ ಅನ್ನಿಸಿಕೊಳ್ಳೋಣ ಎಂದು ನಾನು ಸೀಮೆಎಣ್ಣೆ ಕ್ಯಾನು ಎತ್ತಿದೆ. ಕ್ಯಾನು ಭಾರ, ನನ್ನ ಕೈ ಸಣ್ಣದು. ಆಲಿಕೆ ಜಾರಿತು. ಎಣ್ಣೆ ಕಟ್ಟೆಯ ಮೇಲೆ ಹರಿದು, ಚಿಮ್ಮಿ, ಬಾಯಿ ತೆರೆದಿದ್ದ ಆ ಡಬ್ಬಿಯೊಳಗೂ ಬಿತ್ತು.

ನನಗೆ ಗೊತ್ತಿತ್ತು. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಏನೂ ಅರಿಯದ ಮಗು ಎಂದು ಯಾರೂ ನನ್ನ ಪರ ವಾದಿಸಬಾರದು. ಡಬ್ಬಿಯ ಎಣ್ಣೆ ಚೆಲ್ಲಿ ಬೇರೆ ಹಾಕೋಣವೆಂದರೆ ಬ್ರೇಕ್ ಆಯಿಲ್ಲಿನ ಹೊಸ ಡಬ್ಬದ ಸೀಲು ಒಡೆಯಬೇಕು, ಅಪ್ಪನಿಗೆ ತಿಳಿಯುತ್ತದೆ. ಒಂದು ಚಮಚ ತೆಗೆದುಕೊಂಡು ಮೇಲೆ ತೇಲುತ್ತಿದ್ದ ಸೀಮೆಎಣ್ಣೆಯನ್ನು ಸಾರಿನ ಜಿಡ್ಡು ತೆಗೆಯುವ ಹಾಗೆ ತೆಗೆದು ತೆಗೆದು ಬಚ್ಚಲಿಗೆ ಚೆಲ್ಲಿದೆ. ಬಣ್ಣಬಣ್ಣದ ಪದರ ಕಾಣದಾದಾಗ ಸಾಕೆಂದುಕೊಂಡೆ. ಕಟ್ಟೆ ಒರೆಸಿದೆ, ಡಬ್ಬಿ ಒರೆಸಿದೆ, ಮುಚ್ಚಳ ಒತ್ತಿದೆ. ಅಮ್ಮ ಬಿಂದಿಗೆ ಇಳಿಸಿ ಉಸಿರು ಬಿಡುವಷ್ಟರಲ್ಲಿ ಸ್ಟೌ ಉರಿಯುತ್ತಿತ್ತು. ಅಡುಗೆಮನೆ ಯಾವಾಗಲೂ ಸೀಮೆಎಣ್ಣೆ ನಾರುತ್ತಿದ್ದುದರಿಂದ ವಾಸನೆಯ ಅನುಮಾನ ಬರಲಿಲ್ಲ.

"ಮುಟ್ಬೇಡ ಅಂದ್ರೂ ಹೊತ್ತಿಸ್ದೇನೇ? ಎಣ್ಣೆ ಇತ್ತಾ ಅದ್ರಲ್ಲಿ?"

"ಇತ್ತಮ್ಮ, ಬೇಕಾದಷ್ಟಿತ್ತು."

ಮೊದಲ ಸುಳ್ಳು ಅದು. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಲಾಲ್‌ಬಾಗಿನಲ್ಲಿ ನಾನೇನು ನೋಡಿದೆನೋ ಒಂದೂ ನೆನಪಿಲ್ಲ. ಸಂಜೆ ಮನೆಗೆ ಬಂದಾಗ ಅಂಬಾಸಿಡರ್ ಸಿದ್ಧವಾಗಿತ್ತು. ಅಪ್ಪನಿಗೆ ಇನ್ನೊಂದು ಕಟ್ಟಳೆಯಿತ್ತು. ಯಾವ ಗಾಡಿಯ ಬ್ರೇಕು ಮಾಡಿದರೂ ಗಿರಾಕಿಗೆ ಕೊಡುವ ಮುಂಚೆ ಅದರಲ್ಲಿ ಮೊದಲು ಹೆಂಡತಿ ಮಗಳನ್ನು ಕೂರಿಸಿಕೊಂಡು ಕೆರೆಯ ಸುತ್ತ ಒಂದು ಸುತ್ತು ಹಾಕಬೇಕು. ಹೆಂಡತಿ ಮಕ್ಕಳನ್ನು ಕೂರಿಸದ ಗಾಡಿಯಲ್ಲಿ ಬೇರೆಯವರ ಹೆಂಡತಿ ಮಕ್ಕಳನ್ನು ಹೇಗೆ ಕೂರಿಸುವುದು ಎನ್ನುತ್ತಿದ್ದ. ನಮಗೆ ಅದೇ ಹಬ್ಬ. ಅಮ್ಮ ಮುಖ ತೊಳೆದು, ಹೂ ಮುಡಿದು, ದೊಡ್ಡ ಮನುಷ್ಯರ ಹಾಗೆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಗಲ್ಲಿಯ ತಮಿಳು ಹೆಂಗಸರು "ಎನ್ನಮ್ಮಾ ರಾಜಮ್ಮಾ, ಇವತ್ತು ಯಾವ ಕಾರು?" ಎಂದು ಛೇಡಿಸುತ್ತಿದ್ದರು. ಆ ದಿನ ಅಪ್ಪ ಹಾರ್ನ್ ಹೊಡೆದ.

"ಹತ್ತೇ ಮಂಜು, ಏನ್ ನೋಡ್ತಾ ನಿಂತಿದೀಯ?"

"ನಂಗೆ ಹೊಟ್ಟೆ ನೋವಪ್ಪ. ನೀವು ಹೋಗ್ಬನ್ನಿ."

"ಲಾಲ್‌ಬಾಗಲ್ಲಿ ಕಂಡಿದ್ದೆಲ್ಲ ತಿಂದಿದಾಳೆ, ಬಿಡಿ ಅವಳ್ನ" ಎಂದು ಅಮ್ಮ ನಕ್ಕಳು. ಕಾರು ಹೊರಟಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಬ್ರೇಕಿನ ಮೇಲೆ ನನಗೆ ನಂಬಿಕೆಯಿರಲಿಲ್ಲ, ಅದಕ್ಕೇ ಹತ್ತಲಿಲ್ಲ. ಹತ್ತಬೇಡಿ ಎಂದು ಅವರಿಬ್ಬರಿಗೆ ಹೇಳಲೂ ಇಲ್ಲ. ನನ್ನ ಚರ್ಮ ನಾನು ಉಳಿಸಿಕೊಂಡೆ, ಹೆತ್ತವಳನ್ನು ಕಳಿಸಿಕೊಟ್ಟೆ. ಥೂ ನನ್ನ ಜನ್ಮಕ್ಕೆ ಎಂದು ಈಗ ಬರೆದರೆ ಏನು ಬಂತು? ಹತ್ತು ನಿಮಿಷಕ್ಕೆ ಅವರು ವಾಪಸು ಬಂದರು. ಬ್ರೇಕು ಬೆಣ್ಣೆಯ ಹಾಗಿದೆ ಎಂದು ಅಪ್ಪ ಹೇಳಿದ. ನಾನೂ ನಿರಾಳವಾಗಿ ಎರಡು ತಟ್ಟೆ ಉಂಡೆ. ಹೊಟ್ಟೆನೋವು ಎಲ್ಲಿ ಹೋಯಿತೆಂದು ಅವರು ಕೇಳಲಿಲ್ಲ.

ಐದಾರು ದಿನದ ಮೇಲೆ ಆ ಕಾರು ಹಗ್ಗ ಕಟ್ಟಿಸಿಕೊಂಡು ನಮ್ಮ ಗಲ್ಲಿಗೆ ಬಂತು. ಮೂತಿ ಒಳಗೆ ಹೋಗಿತ್ತು. ಬಷೀರ್ ಸಾಹೇಬರು ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಶೆಡ್ಡಿನ ಸ್ಟೂಲಿನ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದರು.

"ನಮ್ಮ ಅಮ್ಮೀನ ಕೂರಿಸ್ಕೊಂಡು ಕೆ.ಆರ್. ಪುರಕ್ಕೆ ಹೋಗ್ತಿದ್ವಿ ಮುನಿರಾಜಣ್ಣ. ದಾರೀಲಿ ಗಾಡಿ ಎಳೀತಾನೇ ಇರ್ಲಿಲ್ಲ, ಯಾರೋ ಹಿಂದಿಂದ ಹಿಡ್ಕೊಂಡಂಗೆ. ಸಂತೆ ಹತ್ರ ಬ್ರೇಕ್ ಒತ್ತಿದ್ರೆ ಪೆಡಲ್ ಸೀದಾ ಕೆಳಗೆ. ಜನ ಇದ್ರು. ಕಂಬಕ್ಕೆ ಹೊಡೆದ್ಬಿಟ್ಟೆ. ಅಮ್ಮೀದು ಕೈ ಮುರಿದೋಯ್ತು."

ಅಪ್ಪ ಸ್ಪ್ಯಾನರ್ ಎತ್ತಿಕೊಂಡ. ಅವರ ಎದುರೇ ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರ್ ಬಿಚ್ಚಿದ. ಒಳಗಿನ ರಬ್ಬರು ಸುಲಭವಾಗಿ ಬರಲಿಲ್ಲ, ಕಡ್ಡಿ ಹಾಕಿ ಎಬ್ಬಿಸಬೇಕಾಯಿತು. ಹೊಸದೊಂದು ರಬ್ಬರನ್ನು ಪಕ್ಕದಲ್ಲಿಟ್ಟ. ಒಳಗಿಂದ ಬಂದದ್ದು ನೀರಲ್ಲಿ ಬಿದ್ದ ಉದ್ದಿನ ವಡೆಯ ಹಾಗೆ ಊದಿ ಮೆತ್ತಗಾಗಿತ್ತು. ಅಪ್ಪ ಸಾಹೇಬರಿಗೆ ನಿಧಾನವಾಗಿ ವಿವರಿಸಿದ. ರಬ್ಬರು ಊದಿ ಎಣ್ಣೆ ವಾಪಸು ಬರುವ ತೂತು ಮುಚ್ಚಿದೆ, ಕಾಲು ತೆಗೆದರೂ ಬ್ರೇಕು ಪೂರ್ತಿ ಬಿಟ್ಟಿಲ್ಲ, ಅಷ್ಟು ದೂರ ಉಜ್ಜಿಕೊಂಡೇ ಹೋಗಿ ಚಕ್ರ ಕಾದಿದೆ, ಎಣ್ಣೆ ಕುದ್ದಿದೆ, ಪೆಡಲು ಬಿದ್ದಿದೆ. ತಪ್ಪು ನಮ್ಮದೇ ಸಾಹೇಬ್ರೆ ಎಂದು ಕೈ ಮುಗಿದ. ಅಪ್ಪ ಯಾರಿಗಾದರೂ ಕೈ ಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಒಳಗೆ ತಿರುಗಿ ಕರೆದ.

"ರಾಜಮ್ಮ, ಇದಕ್ಕೆ ಸೀಮೆಎಣ್ಣೆ ಹೆಂಗೆ ತಾಗ್ತು?"

"ನಾನು ಕೈ ತೊಳ್ಕೊಂಡೇ ಮುಟ್ಟಿದ್ದು ರೀ..."

"ನೀನಲ್ದೆ ಇನ್ಯಾರು ಮುಟ್ಟಿದ್ರು ಹೇಳು."

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನು ಅವಳ ಹಿಂದೆ ಇದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾನಂತೆ, ನಾನು ಅದನ್ನೂ ಮಾಡಲಿಲ್ಲ, ಕಲ್ಲಿನ ಹಾಗೆ ನಿಂತೆ. ಅಮ್ಮ ನನ್ನ ಕಡೆ ತಿರುಗಿದಳು. ಅನುಮಾನದಿಂದಲ್ಲ. ನಾನು ಅವಳ ಸಾಕ್ಷಿ ಎಂದುಕೊಂಡು ತಿರುಗಿದಳು.

"ಮಂಜು, ಅವತ್ತು ನಾನು ನೀರಿಗೆ ಹೋಗೋ ಮುಂಚೆ ಸ್ಟೌಗೆ ಎಣ್ಣೆ ಹಾಕಿದ್ನೇನೇ? ನೆನಪಿದ್ಯಾ?"

"ನೀನೇ ಹಾಕಿದ್ದೆ ಅಮ್ಮ. ಹಾಕ್ಬಿಟ್ಟು ಹಂಗೇ ಡಬ್ಬಿ ಮುಟ್ಟಿದೆ."

ಇಷ್ಟೇ ಮಾತು. ಅಮ್ಮ ಎರಡು ಕೈಯನ್ನೂ ಮೂಗಿನ ಹತ್ತಿರ ತಂದು ಮೂಸಿ ನೋಡಿಕೊಂಡಳು, ಆರು ದಿನದ ಹಿಂದಿನ ವಾಸನೆ ಅಲ್ಲಿ ಸಿಗುತ್ತದೆಯೇನೋ ಎಂಬಂತೆ. ಆಮೇಲೆ, "ಇದ್ರೂ ಇರ್ಬೋದು ರೀ. ಅವಸರದಲ್ಲಿ ಮರ್ತಿರ್ತೀನಿ" ಎಂದಳು. ಮಾಡದ ತಪ್ಪನ್ನು ನನ್ನ ಮಾತು ನಂಬಿ ಒಪ್ಪಿಕೊಂಡಳು. ಮಗಳು ಸುಳ್ಳು ಹೇಳಿರಬಹುದು ಅನ್ನುವುದಕ್ಕಿಂತ ತನ್ನ ನೆನಪೇ ಸುಳ್ಳಿರಬಹುದು ಅನ್ನುವುದು ಅವಳಿಗೆ ಸುಲಭವಾಯಿತು.

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಸಾಹೇಬರು ಹೋದ ಮೇಲೆ ಒಳಗೆ ಬಂದು ಆ ಸ್ಟೀಲ್ ಡಬ್ಬಿಯನ್ನು ಅಮ್ಮನ ಕಟ್ಟೆಯಿಂದ ಎತ್ತಿ ನನ್ನ ಕೈಗೆ ಕೊಟ್ಟ.

"ಇನ್ಮೇಲೆ ನೀನು ಮಾಡಮ್ಮ. ನಿಮ್ಮಮ್ಮಂಗೆ ಗ್ಯಾನ ಸಾಲ್ದು."

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅವತ್ತಿನಿಂದ ನಾನು ಆ ಕೆಲಸ ಮಾಡಿದ ಪರಿ ನೋಡಬೇಕಿತ್ತು. ಮೂರು ಸಲ ಕೈ ತೊಳೆಯುತ್ತಿದ್ದೆ. ರಬ್ಬರಿನ ಅಂಚನ್ನು ಉಗುರಿನಿಂದ ಸುತ್ತಲೂ ಸವರಿ ಸೀಳಿದೆಯೇ ನೋಡುತ್ತಿದ್ದೆ. ಡಬ್ಬಿಯನ್ನು ಅಡುಗೆಮನೆಯಿಂದ ದೇವರ ಗೂಡಿಗೆ ಸಾಗಿಸಿದೆ. ಗಿರಾಕಿಗಳ ಮುಂದೆ ಅಪ್ಪ, ನಮ್ಮ ಮಂಜು ಕೈಯಲ್ಲಿ ಹಾದು ಬಂದಿದ್ದು ಎಂದು ಶುರುಮಾಡಿದ. ಪೆಡಲಿನ ಹತ್ತಿರವೂ ನಾನೇ. ಅಮ್ಮ ಒಳಗಿನಿಂದ ಕೇಳುತ್ತಿದ್ದಳು, ಈಗ ಪಾತ್ರೆಯ ಸದ್ದಿರಲಿಲ್ಲ. ಕೆರೆ ಸುತ್ತುವ ಸವಾರಿಗೆ ಕರೆದರೆ ಒಲೆಯ ಮೇಲೆ ಏನೋ ಇದೆ ಎನ್ನುತ್ತಿದ್ದಳು. ಬಷೀರ್ ಸಾಹೇಬರ ತಾಯಿಯ ಕೈ ಕೂಡಿತು. ಅವರು ಮತ್ತೆ ಅಪ್ಪನ ಹತ್ತಿರವೇ ಗಾಡಿ ತಂದರು. ಅವರ ಮನೆಯಿಂದ ಹಬ್ಬಕ್ಕೆ ಹಾಲುಶಾವಿಗೆಯ ಶೀರ್‌ಕುರ್ಮಾ ಕೂಡ ಬರುತ್ತಿತ್ತು. ಎಲ್ಲರೂ ಅದನ್ನು ಮರೆತರು, ನಮ್ಮಮ್ಮನ ಕೈ ಒಂದನ್ನು ಬಿಟ್ಟು.

ಆ ಕೈ ಅನುಮಾನ ಕಲಿತುಬಿಟ್ಟಿತು. ಸಾರಿಗೆ ಉಪ್ಪು ಹಾಕುವ ಮುಂಚೆ ಮೂಸುವಳು, ಹಾಕಿದ ಮೇಲೆ ಹಾಕಿದೆನಾ ಎಂದು ನನ್ನನ್ನು ಕೇಳುವಳು. ಎಲ್ಲದಕ್ಕೂ "ಮಂಜು, ನೀನೊಂದ್ಸಲ ನೋಡೇ." ನನ್ನ ಮದುವೆಯಲ್ಲಿ ಅರಿಸಿನ ಕಲಸಲು ಕರೆದರೆ, ಬೇರೆ ಯಾರಾದರೂ ಕಲಸಲಿ ಎಂದು ಹಿಂದೆ ಸರಿದಳು. ವಯಸ್ಸಾಯಿತು, ಅರಳುಮರಳು ಎಂದು ನೆಂಟರು ನಗುತ್ತಿದ್ದರು. ಆಗ ಅವಳಿಗೆ ಐವತ್ತೂ ಆಗಿರಲಿಲ್ಲ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಪ್ಪ ಕೊನೆಯ ಕಾಲದಲ್ಲಿ ಹಾಸಿಗೆ ಹಿಡಿದಾಗ ಅಮ್ಮ ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದಳು. ಅಪ್ಪ ಅವಳ ಕೈ ನೋಡಿ, ನನ್ನ ಮುಖ ನೋಡಿ, "ಸರಿಯಾಗಿದ್ಯಾ ನೋಡಮ್ಮ" ಎನ್ನುತ್ತಿದ್ದ. ಪ್ರತಿ ಹೊತ್ತೂ. ನಾನು ಎಣಿಸಿ, ಹೆಸರು ಓದಿ, ಸರಿಯಿದೆಯಪ್ಪ ಎನ್ನುತ್ತಿದ್ದೆ. ಅವಳದು ಒಂದು ದಿನವೂ ತಪ್ಪಿರಲಿಲ್ಲ. ಆ ಕೋಣೆಯಲ್ಲಿ ನಾವು ಮೂವರೇ ಇರುತ್ತಿದ್ದೆವು. ಅಪ್ಪನಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು, ಬುದ್ಧಿ ನೆಟ್ಟಗಿತ್ತು. ಎರಡು ತಿಂಗಳು ನನಗೆ ಅವಕಾಶವಿತ್ತು. ಸಾಯುವವನ ನೆಮ್ಮದಿ ಯಾಕೆ ಕೆಡಿಸಬೇಕು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಕೆಡುತ್ತಿದ್ದುದು ನನ್ನ ಮರ್ಯಾದೆ ಅಷ್ಟೆ.

ಈಗ ಅಮ್ಮ ಕೆ.ಆರ್. ಪುರದಲ್ಲಿ ನಮ್ಮ ಜೊತೆಗಿದ್ದಾಳೆ. ಎಂಬತ್ತು ದಾಟಿದೆ. ಹೋದ ಅವರೆಕಾಯಿ ಕಾಲದಲ್ಲಿ ನನ್ನ ಕಾರು ಬ್ರೇಕ್ ಹಾಕಿದಾಗಲೆಲ್ಲ ಕಿರ್ ಎನ್ನುತ್ತಿತ್ತೆಂದು ಇಮ್ರಾನ್ ಅನ್ನುವ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿದ್ದೆ. ಮುಂದಿನ ಚಕ್ರ ಬಿಚ್ಚಿ, ಸವೆದ ಪ್ಯಾಡು ತೆಗೆದು, ಬ್ರೇಕ್ ಆಯಿಲ್ಲನ್ನೂ ಬದಲಾಯಿಸುತ್ತಿದ್ದ. ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಅವರೆಕಾಯಿ ಸುಲಿಯುತ್ತ, ಅವನ ಕೈಚಳಕವನ್ನು ತದೇಕಚಿತ್ತದಿಂದ ನೋಡುತ್ತಿದ್ದಳು. ಅವನ ಎರಡೂ ಕೈ ತುಂಬಿದ್ದವು.

"ಅಜ್ಜಿ, ನಿಮ್ಮ ಪಕ್ಕ ಆ ಬ್ರೇಕ್ ಆಯಿಲ್ ಬಾಟ್ಲಿ ಇದ್ಯಲ್ಲ, ಸ್ವಲ್ಪ ಕೊಡ್ತೀರಾ?"

ಅಮ್ಮ ಬಿಸಿ ತಾಗಿದವಳಂತೆ ಕೈ ಹಿಂದೆಳೆದುಕೊಂಡಳು.

"ನಾನು ಮುಟ್ಟಲ್ಲಪ್ಪ. ನನ್ ಕೈಯಿಂದ ಒಬ್ರ ಮನೆ ಗಾಡಿ ಕೆಟ್ಟಿದೆ. ಮಂಜು ಕೊಡ್ತಾಳೆ ಇರು."

ಬಾಟಲಿ ಕೊಟ್ಟೆ. ಇಮ್ರಾನ್ ಕೆಲಸ ಮುಗಿಸಿ ಹೋದ. ನಾನು ಅಮ್ಮನ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಕ್ಯಾನು ಎತ್ತಿದ್ದು, ಚಮಚ, ಮುಚ್ಚಳ, ಹೊಟ್ಟೆನೋವು, ಸಾಹೇಬರ ಮುಂದೆ ಆಡಿದ ಮಾತು. ಏನನ್ನೂ ಮೆತ್ತಗೆ ಮಾಡಲಿಲ್ಲ. ನಿನ್ನ ಕೈಯಲ್ಲಿ ಒಂದು ಹನಿಯೂ ಇರಲಿಲ್ಲಮ್ಮ ಎಂದೆ. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಅವಳು ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಸಾಕಪ್ಪ ಎಂದೂ ಆಸೆಪಟ್ಟೆ. ಅವಳು ಮಡಿಲಿನ ಸಿಪ್ಪೆ ಕೊಡವಿ ಕೇಳಿದಳು.

"ನಿಮ್ಮಪ್ಪಂಗೆ ಹೇಳಿದ್ಯಾ?"

"ಇಲ್ಲಮ್ಮ."

"ಒಂದ್ಸಲಾನೂ?"

"ಇಲ್ಲ."

ಅಮ್ಮ ಮತ್ತೆ ಒಂದು ಅವರೆಕಾಯಿ ಕೈಗೆ ತೆಗೆದುಕೊಂಡಳು. ಸುಲಿಯಲಿಲ್ಲ, ಹಾಗೇ ಹಿಡಿದುಕೊಂಡಳು.

"ನೀನು ನಂಗೆ ಹೇಳ್ಕೊಂಡೆ, ಹಗುರ ಆದೆ. ನಾನ್ಯಾರಿಗೆ ಹೇಳ್ಲೇ ಇದನ್ನ ಈಗ?"